ತೊದಲುವ ದೊರೆಗೆ ಮಾತು ಹೊಲಿದವನು

ನಿಘಂಟುವಿಗೆ ಕಾಫಿ ಎಂದರೆ ಜೀವ. ಆದರೂ ಕೆಲಸದ ಜಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವನು ಕುಡಿಯುತ್ತ ಬಂದದ್ದು ಚಹಾ. ಇದು ವೈದ್ಯರ ಸಲಹೆಯಲ್ಲ, ಜಿಪುಣತನವೂ ಅಲ್ಲ. "ಕಾಫಿ" ಎನ್ನಲು ಹೊರಟರೆ ಅದರ ಮೊದಲ ಅಕ್ಷರ ಗಂಟಲಿನೊಳಗೆ ಚಿಲಕ ಹಾಕಿಕೊಂಡು ಕೂತುಬಿಡುತ್ತಿತ್ತು. "ಚಹಾ" ಹಾಗಲ್ಲ, ಒಳ್ಳೆಯ ಮನೆತನದ ಪದ. ಕರೆದ ಕೂಡಲೇ ಬರುತ್ತಿತ್ತು. ಮೂಲೆಯಂಗಡಿಯವನಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? "ಚಹಾದ ರುಚಿ ಬಲ್ಲೋರು ಅಂದ್ರೆ ನೀವೊಬ್ರೇ ನೋಡಿ" ಎಂದು ಅಭಿಮಾನದಿಂದ ದಿನವೂ ಒಂದು ಚಮಚ ಪುಡಿ ಹೆಚ್ಚಿಗೆ ಹಾಕಿ, ಕಷಾಯದಂಥದ್ದೊಂದನ್ನು ಮುಂದಿಡುತ್ತಿದ್ದ. ನಿಘಂಟು ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದ. ಕಣ್ಣು ಮುಚ್ಚಿದ್ದನ್ನು ಅಂಗಡಿಯವನು ಆನಂದ ಎಂದು ತಿಳಿದಿದ್ದ.

ಕ, ಪ, ಬ – ಈ ಮೂರು ಅಕ್ಷರಗಳಿಗೂ ಅವನಿಗೂ ಬುದ್ಧಿ ಬಂದಾಗಿನಿಂದ ಮಾತುಕತೆ ಇಲ್ಲ. ಶಾಲೆಯಲ್ಲಿ ಪಾಠ ಓದಲು ಎದ್ದು ನಿಂತರೆ ಹುಡುಗರು ನಗುತ್ತಿದ್ದರು, ಮೇಷ್ಟ್ರು "ನಿಧಾನವಾಗಿ ಹೇಳಪ್ಪಾ, ಅವಸರ ಇಲ್ಲ" ಎನ್ನುತ್ತಿದ್ದರು. ನಗುವವರನ್ನಾದರೂ ಸಹಿಸಬಹುದು, ನಿಧಾನವಾಗಿ ಹೇಳಪ್ಪಾ ಎನ್ನುವವರನ್ನು ಸಹಿಸುವುದು ಕಷ್ಟ ಎಂಬುದನ್ನು ಅವನು ಎಂಟನೇ ವಯಸ್ಸಿಗೇ ಕಂಡುಕೊಂಡ. ಅಂದಿನಿಂದ ಒಂದು ಉಪಾಯ ಹಿಡಿದ. ಆಗದ ಪದವೊಂದು ದೂರದಲ್ಲಿ ಬರುತ್ತಿರುವುದು ಕಂಡರೆ ಸಾಕು, ಬೇಡದ ನೆಂಟನನ್ನು ಕಂಡವರ ಹಾಗೆ ಪಕ್ಕದ ಗಲ್ಲಿಗೆ ತಿರುಗಿಬಿಡುವುದು. ಪುಸ್ತಕ ಹೊತ್ತಗೆಯಾಯಿತು. ಕುದುರೆ ಅಶ್ವವಾಯಿತು. ಕತ್ತಲೆ ಇರುಳಾಯಿತು. ಬಾಳೆಹಣ್ಣಿಗೆ ಮಾತ್ರ ದಾರಿ ಕಾಣದೆ ಬೆರಳು ತೋರಿಸಿ ಕೊಳ್ಳುತ್ತಿದ್ದ. ಅವನು ಇಳಿಯುವ ಬಸ್ ನಿಲ್ದಾಣದ ಹೆಸರು ಪಕಾರದಿಂದ ಶುರುವಾಗುತ್ತಿತ್ತು. ಆ ಒಂದು ತಪ್ಪಿಗಾಗಿ ಅವನು ಮುಂದಿನ ನಿಲ್ದಾಣಕ್ಕೆ ಟಿಕೆಟ್ ಕೇಳಿ, ಅಲ್ಲಿಳಿದು, ಹಿಂದಕ್ಕೆ ನಡೆದು ಬರುತ್ತಿದ್ದ. ಐವತ್ತೊಂದರಲ್ಲೂ ಅವನಿಗೆ ಹೊಟ್ಟೆ ಬಂದಿರಲಿಲ್ಲ ಎಂದರೆ ಅದರ ಪುಣ್ಯವೆಲ್ಲ ಆ ಪಕಾರಕ್ಕೆ ಸೇರಬೇಕು.

ನಮ್ಮಂಥ ಬರೆಯುವ ಮಂದಿ ಒಂದು ಪದಕ್ಕೆ ಇನ್ನೊಂದು ಬೇಕಾದರೆ ಸೂರು ನೋಡುತ್ತ ಅರ್ಧ ದಿನ ಕಳೆದು, ಕೊನೆಗೆ ಮೊದಲಿನದನ್ನೇ ಬರೆದು ಏಳುತ್ತೇವೆ. ಅವನಿಗೆ ಅರ್ಧ ಉಸಿರಿನೊಳಗೆ ಮೂರು ಬೇಕಾಗುತ್ತಿತ್ತು, ಇಲ್ಲದಿದ್ದರೆ ಮಾನ ಹೋಗುತ್ತಿತ್ತು. ಅದಕ್ಕೇ ಅವನಿಗೆ ಸಿಗುತ್ತಿತ್ತು.

ಇಂಥವನಿಗೆ ಹೇಳಿ ಮಾಡಿಸಿದ ಕೆಲಸ ಈ ಲೋಕದಲ್ಲಿ ಒಂದೇ ಒಂದು ಇತ್ತು, ಅದು ಒಂದು ಹಾಸಿಗೆ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಪರಭಾಷೆಯ ಚಿತ್ರಗಳಿಗೆ ನಮ್ಮ ಭಾಷೆಯ ಮಾತು ಕೂರಿಸುತ್ತಿದ್ದರು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗಳಿಗೆಲ್ಲ ಮೇಲಿನ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಹಾಸಿಗೆಗಳನ್ನು ಹೊಡೆದಿದ್ದರು. ಗುಲಾಬಿ ಹೂವಿನ ಹಾಸಿಗೆಯೊಂದರ ಮುಂದೆ ನಿಂತು ಕಲಾವಿದರು ಸಾಮ್ರಾಜ್ಯಗಳನ್ನು ಗೆಲ್ಲುತ್ತಿದ್ದರು. ಮೇಲಿನವರು ಮಂಚ ಎಳೆದರೆ ಕೆಳಗೆ ಪ್ರೇಮ ನಿವೇದನೆ ನಿಲ್ಲುತ್ತಿತ್ತು.

ನಿಘಂಟುವಿನ ಕೆಲಸ ಮಾತು ಬರೆಯುವುದು. ಬರಿಯ ಅನುವಾದವಲ್ಲ; ತೆರೆಯ ಮೇಲಿನವರ ತುಟಿಗೆ ಹೊಂದುವ ಹಾಗೆ ಅಳತೆ ತೆಗೆದು ಹೊಲಿಯುವುದು. ಎಡಗೈಯಲ್ಲಿ ಒಂದು ಸಣ್ಣ ಕನ್ನಡಿ, ಬಲಗೈಯಲ್ಲಿ ಸೀಸದ ಕಡ್ಡಿ. ಸದ್ದಿಲ್ಲದೆ ಚಿತ್ರ ಓಡಿಸುತ್ತ, ನಟನ ಜೊತೆ ತಾನೂ ಸದ್ದಿಲ್ಲದೆ ಬಾಯಾಡಿಸುತ್ತ, ಯಾವ ಮಾತು ಆ ಬಾಯಿಗೆ ಸರಿಹೋಗುತ್ತದೆಂದು ಕನ್ನಡಿಯಲ್ಲಿ ನೋಡುತ್ತಿದ್ದ. ಸದ್ದಿಲ್ಲದ ಮಾತಿನಲ್ಲಿ ಅವನಿಗೆ ತೊಡಕಿಲ್ಲ. ಅಲ್ಲಿ ಅವನು ವಾಗ್ಮಿ. ನಟನ ತುಟಿ ಮುಚ್ಚಿದ ಕಡೆಯೆಲ್ಲ ಹಾಳೆಯ ಮೇಲೆ ಒಂದು ಚುಕ್ಕೆ. ಆ ಚುಕ್ಕೆಯ ಮೇಲೆ ಪ, ಬ, ಮ ಈ ಮೂರರಲ್ಲೊಂದು ಕೂರಬೇಕು. ನೋಡುವವರ ಕಣ್ಣಿಗೆ ಮೂರೂ ಒಂದೇ, ಯಾವುದಾದರೂ ನಡೆಯುತ್ತದೆ. ನಿಘಂಟು ಯಾವಾಗಲೂ ಮಕಾರವನ್ನೇ ಕೂರಿಸುತ್ತಿದ್ದ.

"ಅಲ್ಲಯ್ಯಾ, ನೀನು ಬರೆದ ಚಿತ್ರದಲ್ಲಿ ದರೋಡೆಕೋರನೂ 'ಮಾನ್ಯರೇ' ಅಂತ ಶುರು ಮಾಡ್ತಾನಲ್ಲ!" ಎಂದು ಮಹಾಪ್ರಭುಗಳು ರೇಗಿಸುತ್ತಿದ್ದರು. ಮಹಾಪ್ರಭು ಎಂದರೆ ಸ್ಟುಡಿಯೋದ ಹಿರಿಯ ಕಂಠದಾನ ಕಲಾವಿದರು. ಇದುವರೆಗೆ ನಲವತ್ತು ರಾಜರಿಗೆ ದನಿ ಕೊಟ್ಟಿದ್ದರಿಂದ ಆ ಹೆಸರು. ಮನೆಗೆ ತರಕಾರಿ ಕೊಳ್ಳುವಾಗಲೂ ಅವರ ದನಿಯಲ್ಲಿ ಒಂದು ಸಿಂಹಾಸನದ ಕಿರುಗುಟ್ಟುವಿಕೆ ಇರುತ್ತಿತ್ತು.

ನಿಘಂಟು ಎಂಬ ಹೆಸರು ಬಿದ್ದದ್ದು ಸೇರಿದ ಮೊದಲ ದಿನವೇ. ಸ್ಟುಡಿಯೋದ ಯಜಮಾನರು ಅವನ ಹೆಸರು ಕೇಳಿದರು. ಹುಟ್ಟಿದಾಗ ಇಟ್ಟ ಹೆಸರು ಕಕಾರದ್ದು, ಹೆಸರಿಗೆ ಸಮಾನಪದ ಇರುವುದಿಲ್ಲ. ಅವನಿಗೆ ಕೆಮ್ಮು ಬಂತು. ಕೆಮ್ಮುತ್ತಲೇ, ಬರೆದು ತಂದಿದ್ದ ಮಾದರಿ ಹಾಳೆಯನ್ನು ಮುಂದೆ ಹಿಡಿದ. 'ರಾಜ' ಎಂಬ ಒಂದು ಪದಕ್ಕೆ ಅದರಲ್ಲಿ ಅರಸ, ದೊರೆ, ಒಡೆಯ, ನೃಪ, ರಾಯ ಎಂದು ಐದು ಆಯ್ಕೆ ಇದ್ದವು. "ಇದೇನಯ್ಯಾ ನೀನು, ನಿಘಂಟೋ?" ಎಂದರು ಯಜಮಾನರು. ಅವನು ತಲೆಯಾಡಿಸಿದ. ಕೆಮ್ಮು ತಕ್ಷಣ ವಾಸಿಯಾಯಿತು.

ಅಂದಿನಿಂದ ಅಲ್ಲಿ ಯಾರಿಗೂ ಗೊತ್ತಾಗದ ಹಾಗೆ ಅವನು ಗುಟ್ಟು ಕಾಪಾಡಿಕೊಂಡು ಬಂದ. ಗಾಜಿನಾಚೆಯ ಮೈಕಿನ ಕೋಣೆಗೆ ಮಾತು ಮುಟ್ಟಿಸಲು ಒಂದು ಗುಂಡಿ ಇತ್ತು. ಅದನ್ನು ಒತ್ತದೆ ಚೀಟಿ ಬರೆದು ಕಳಿಸುತ್ತಿದ್ದ. ಜನ ಅದನ್ನು ಶಿಸ್ತು ಎಂದುಕೊಂಡರು. ಅಪರೂಪಕ್ಕೆ ಆಡಿದರೆ ಅಚ್ಚುಕಟ್ಟಾಗಿ, ಸ್ವಲ್ಪ ಗ್ರಂಥಸ್ಥವಾಗಿ ಆಡುತ್ತಿದ್ದ. ಅದನ್ನು ಪಾಂಡಿತ್ಯ ಎಂದುಕೊಂಡರು. ಗುಂಪಿನ ದೃಶ್ಯಗಳಲ್ಲಿ ಮಾತ್ರ ಎಲ್ಲರ ಜೊತೆ ನಿಂತು "ಪ್ರಭುಗಳಿಗೆ ಜಯವಾಗಲಿ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಹತ್ತು ಜನ ಒಟ್ಟಿಗೆ ಹೇಳುವಾಗ ಯಾವ ಅಕ್ಷರವೂ ಅವನನ್ನು ಗುರುತು ಹಿಡಿಯುತ್ತಿರಲಿಲ್ಲ.

ಹೀಗಿರುವಾಗ ಆ ಚಿತ್ರ ಬಂತು.

ಅದೊಂದು ಹಳೆಯ ಕಾಲದ ರಾಜಮನೆತನದ ಕಥೆ. ತಂದೆ ತೀರಿಕೊಳ್ಳುತ್ತಾನೆ, ಮಗ ಪಟ್ಟಕ್ಕೆ ಬರಬೇಕು. ಮಗನಿಗೆ ಉಗ್ಗು. ಆ ರಾಜ್ಯದ ಕಟ್ಟಳೆ ಏನೆಂದರೆ, ಪಟ್ಟಕ್ಕೆ ಬರುವವನು ತುಂಬಿದ ಸಭೆಯಲ್ಲಿ, ತಾತ ಮುತ್ತಾತಂದಿರು ಹೇಳಿದ ಪ್ರಮಾಣವಚನವನ್ನೇ ಒಂದಕ್ಷರ ಬದಲಿಸದೆ ಹೇಳಬೇಕು. ಇಲ್ಲವಾದರೆ ಪಟ್ಟ ಚಿಕ್ಕಪ್ಪನ ಪಾಲು. ಚಿತ್ರವಿಡೀ ರಾಜಕುಮಾರ ಮಾತು ತಪ್ಪಿಸಿಕೊಂಡು ತಿರುಗಿ, ಕೊನೆಯ ದೃಶ್ಯದಲ್ಲಿ ನಾಲ್ಕು ನಿಮಿಷ ಎಲ್ಲರೆದುರು ನಿಂತು, ಒದ್ದಾಡಿ, ಪ್ರಮಾಣ ಮುಗಿಸುತ್ತಾನೆ. ಇಷ್ಟೇ ಕಥೆ. ಮೊದಲ ಸಲ ನೋಡುವಾಗ ನಿಘಂಟು ಚುಕ್ಕೆ ಹಾಕುವುದನ್ನೇ ಮರೆತು ಕೂತಿದ್ದ. ಆಮೇಲೆ ಎರಡು ವಾರ ಕೂತು ಎಂದಿಗಿಂತ ಶ್ರದ್ಧೆಯಿಂದ ಬರೆದ. ಪ್ರಮಾಣವಚನಕ್ಕಂತೂ ಮೂರು ದಿನ ತೆಗೆದುಕೊಂಡ:

"ಮನಸಾರೆ ಅರಸನಾಗಿ ಈ ನೆಲವನ್ನು ಉಳಿಸುವೆ. ಜನಮನವೇ ನನ್ನ ಮನೆ. ನುಡಿದ ಮಾತೇ ನನ್ನ ಮುಡಿಯ ಮಣಿ."

ಮಹಾಪ್ರಭುಗಳು ಅದನ್ನು ಓದಿ, "ಬೆಣ್ಣೆ ಕಣಯ್ಯಾ, ಬೆಣ್ಣೆ" ಎಂದರು. ತಂದೆಗೆ ಎದೆಯಿಂದ, ಮಗನಿಗೆ ಮೂಗಿನಿಂದ ದನಿ ತೆಗೆದು ಎರಡನ್ನೂ ಅವರೇ ಮುಗಿಸಿದರು.

ಮಂಗಳವಾರ ಹಂಚಿಕೆದಾರರ ಕಡೆಯಿಂದ ಒಬ್ಬ ಮೇಡಂ ಕೇಳಲು ಬಂದರು. ಕೊನೆಯ ದೃಶ್ಯದವರೆಗೂ ನೋಡಿದರು. ಆಮೇಲೆ ಕೇಳಿದರು: "ರಾಜನಿಗೆ ಬಿಕ್ಕಳಿಕೆನಾ?"

ಯಜಮಾನರು ಹಲ್ಲು ಬಿಟ್ಟರು. "ಇಲ್ಲ ಮೇಡಂ, ಅದು ಉಗ್ಗು."

"ಅದು ಕಥೆ ಓದಿದೀನಲ್ಲ, ಅದಕ್ಕೆ ಗೊತ್ತು. ಕೇಳಿದ್ರೆ ಗೊತ್ತಾಗಲ್ಲ. ಚಳಿಗೆ ನಡುಗ್ತಿರೋ ಹಾಗಿದೆ. ಶುಕ್ರವಾರ ಮತ್ತೆ ಬರ್ತೀನಿ. ಅಷ್ಟರಲ್ಲಿ ಸರಿಹೋಗದಿದ್ರೆ ಚಿತ್ರ ಬೇರೆ ಸ್ಟುಡಿಯೋಗೆ ಹೋಗುತ್ತೆ, ಬೇಜಾರು ಮಾಡ್ಕೋಬೇಡಿ." ಬೇಜಾರು ಮಾಡಿಕೊಳ್ಳಲು ಕೂಡ ಸಮಯ ಕೊಡದೆ ಅವರು ಹೊರಟುಹೋದರು.

ತಪ್ಪು ಎಲ್ಲಿದೆಯೆಂದು ಹಿಡಿದವಳು ದನಿ ದಾಖಲಿಸುವ ಇಂಜಿನಿಯರಮ್ಮ. ವಯಸ್ಸು ಇಪ್ಪತ್ತೆಂಟು, ಬಾಯಿ ಕಡಿಮೆ, ಕಿವಿ ಮಾತ್ರ ಗೋಡೆಯಾಚೆಯ ಇರುವೆಯನ್ನೂ ಬಿಡುತ್ತಿರಲಿಲ್ಲ. ರಾಜನ ಮುಖವನ್ನು ತೆರೆಯ ಮೇಲೆ ನಿಲ್ಲಿಸಿ ಹೇಳಿದಳು: "ಸರ್, ಇಲ್ಲಿ ನೋಡಿ. ತುಟಿ ಒಂಬತ್ತು ಸೆಕೆಂಡು ಅಂಟ್ಕೊಂಡಿದೆ. ನೀವು ಕೊಟ್ಟಿರೋದು 'ಮ'. 'ಮ' ಅಂಟಲ್ಲ ಸರ್, ಗುನುಗುತ್ತೆ. ಇಲ್ಲಿ ಗಂಟಲು ಬಿಗಿದಿದೆ, ನೀವು 'ಅರಸ' ಅಂತ ಕೊಟ್ಟಿದೀರಿ. 'ಅ' ಅನ್ನೋಕೆ ಯಾರಿಗೆ ಗಂಟಲು ಬಿಗಿಯುತ್ತೆ? ರಾಜ ಬಂಡೆ ಎತ್ತೋ ಹಾಗೆ ಒದ್ದಾಡ್ತಿದಾನೆ, ಕೈಯಲ್ಲಿ ನೋಡಿದ್ರೆ ಹತ್ತಿ."

"ಯೋಚಿಸುವೆ" ಎಂದ ನಿಘಂಟು.

ಯೋಚಿಸುತ್ತಲೇ ಮನೆಗೆ ಹೋದ. ಹೆಂಡತಿ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂರುವವಳು. ದಿನಕ್ಕೆ ಮುನ್ನೂರು ಜನರ ಜೊತೆ ಮಾತಾಡಿ ಬಂದು, ಉಳಿದದ್ದನ್ನು ಗಂಡನ ಜೊತೆ ಆಡುತ್ತಿದ್ದಳು. ಲೋಕದಲ್ಲಿ ಅವನು ಹೆದರದೆ ತೊದಲುತ್ತಿದ್ದುದು ಅವಳೊಬ್ಬಳ ಮುಂದೆ. ಅವನ ಪದ ಸಿಕ್ಕಿಕೊಂಡಾಗ ಅವಳು ನೋಡುತ್ತ ಕಾಯುತ್ತಿರಲಿಲ್ಲ, ಹುರುಳಿಕಾಯಿ ಬಿಡಿಸುತ್ತಿದ್ದಳು. ಅದಕ್ಕೇ ಪದ ಬೇಗ ಬರುತ್ತಿತ್ತು.

ಅವನು ಹಾಳೆ ತೋರಿಸಿ, ನಡೆದದ್ದನ್ನೆಲ್ಲ ಹೇಳಿದ. ಅವಳು ಪ್ರಮಾಣವಚನವನ್ನು ಎರಡು ಸಲ ಓದಿ ನಕ್ಕುಬಿಟ್ಟಳು.

"ರೀ, ಇದರಲ್ಲಿ ಒಂದಾದ್ರೂ ಕ ಇದೆಯಾ? ಪ ಇದೆಯಾ? ನಿಮ್ಮ ಅಳತೆಗೆ ಹೊಲಿದು ಆ ರಾಜನಿಗೆ ತೊಡಿಸಿದೀರಿ. ಪಾಪ, ಅವನು ಉಗ್ಗೋಣ ಅಂದ್ರೂ ನೀವು ಬಿಟ್ಟಿಲ್ಲ."

ನಿಘಂಟು ಹಾಳೆಯನ್ನು ಕಿತ್ತುಕೊಂಡು ನೋಡಿದ. ಹೌದು. ಇಪ್ಪತ್ತೆರಡು ವರ್ಷ ಬರೆದದ್ದೆಲ್ಲ ಹೀಗೇ. ಕಳ್ಳರು, ಪ್ರೇಮಿಗಳು, ವಕೀಲರು, ಸೇನಾಧಿಪತಿಗಳು – ಎಲ್ಲರೂ ಅವನಿಗೆ ಆಗುವ ಪದಗಳನ್ನೇ ಆಡುತ್ತ ಬಂದಿದ್ದರು. ಯಾರಿಗೂ ನಷ್ಟವಾಗಿರಲಿಲ್ಲ. ಈ ಒಬ್ಬ ರಾಜನಿಗೆ ಮಾತ್ರ ಅವನು ಕಾಳಜಿಯಿಂದ, ಪ್ರೀತಿಯಿಂದ, ರಾಜ್ಯವನ್ನೇ ತಪ್ಪಿಸಿದ್ದ.

"ಬ್… ಬರೆಯೋದೇನು, ಬೆಳಗಾಗೋದ್ರಲ್ಲಿ ಬೇರೆ ಬರೀತೀನಿ" ಎಂದ. "ಆದ್ರೆ ಮಹಾಪ್ರಭುಗಳಿಗೆ ಅದನ್ನ ಹೇಳೋದು ಹ್ಯಾಗೆ ಅಂತ ತೋರಿಸೋರು ಯಾರು?"

"ಅಲ್ಲಿ ಅದು ಗೊತ್ತಿರೋರು ಎಷ್ಟು ಜನ ಇದಾರೆ?"

"ಒಬ್ಬ."

"ಸರಿ ಮತ್ತೆ" ಎಂದು ಅವಳು ಹುರುಳಿಕಾಯಿ ಎತ್ತಿಕೊಂಡು ಒಳಗೆ ಹೋದಳು. ಕಿಟಕಿಯಲ್ಲಿ ಕೂತವರಿಗೆ ಮಾತು ಮುಗಿಸುವುದು ಚೆನ್ನಾಗಿ ಬರುತ್ತದೆ.

ಬುಧವಾರ ಬೆಳಿಗ್ಗೆ ಮಹಾಪ್ರಭುಗಳ ಕೈಗೆ ಹೊಸ ಹಾಳೆ ಬಂತು:

"ಪ್ರಜೆಯ ಬಾಗಿಲು ಕಾಯುತ್ತೇನೆ. ಬಡವನ ಕೂಗು ಕೇಳುತ್ತೇನೆ. ಕತ್ತಿ ಎತ್ತುವ ಮುಂಚೆ ಕಿವಿ ಕೊಡುತ್ತೇನೆ."

"ಇದೇನಯ್ಯಾ, ಬೆಣ್ಣೆ ಹೋಗಿ ಬೆಣಚುಕಲ್ಲು ಬಂತು!" ಎಂದರೂ ಅವರಿಗೆ ಒಳಗೊಳಗೇ ಹುರುಪು. ಮೈಕಿನ ಮುಂದೆ ನಿಂತು, ಶಾಲು ಸರಿಮಾಡಿಕೊಂಡು ಶುರು ಮಾಡಿದರು. "ಪ್ರ-ಪ್ರ-ಪ್ರ-ಪ್ರ-ಪ್ರಜೆಯ ಬ-ಬ-ಬ-ಬಾಗಿಲು…" ಹಳೆಯ ಮೋಟಾರು ಸೈಕಲ್ಲನ್ನು ಚಳಿಗಾಲದಲ್ಲಿ ಒದ್ದಂತೆ ಕೇಳಿಸಿತು. "ಹೆಂಗೆ? ನಾಟಕದ ಕಂಪನೀಲಿದ್ದಾಗ ಉಗ್ಗನ ಪಾತ್ರ ನನ್ನದೇ. ಜನ ಬಿದ್ದು ಬಿದ್ದು ನಗೋರು!"

ನಿಘಂಟು ಚೀಟಿ ಬರೆದ: 'ಹೀಗಲ್ಲ.'

"ಹೀಗಲ್ಲದಿದ್ರೆ ಹೆಂಗೆ?"

ಚೀಟಿ: 'ಸದ್ದು ಇರಬಾರದು.'

ಮಹಾಪ್ರಭುಗಳು ಸುಮ್ಮನೆ ನಿಂತರು. ಬಸ್ಸಿಗೆ ಕಾಯುವವರ ಹಾಗಿತ್ತು. ಚೀಟಿ: 'ಸುಮ್ಮನಿರುವುದಲ್ಲ. ಹೇಳುತ್ತಿರಬೇಕು, ಹೊರಗೆ ಸದ್ದಿರಬಾರದು.' ಮಹಾಪ್ರಭುಗಳು ಹಾಳೆ ಕೆಳಗಿಟ್ಟು ಗಾಜಿನತ್ತ ತಿರುಗಿದರು. "ಒಗಟು ಬರೀತಿದೀಯೋ, ನಿರ್ದೇಶನ ಕೊಡ್ತಿದೀಯೋ? ಏಳು ಚೀಟಿ ಆಯ್ತು. ಒಳಗೆ ಬಂದು ತೋರಿಸಯ್ಯಾ!"

ಉಗ್ಗನ್ನು ಚೀಟಿಯಲ್ಲಿ ಬರೆಯಲು ಬರುವುದಿಲ್ಲ. ನಿಘಂಟು ಒಳಗೆ ಹೋದ. "ಇಬ್ಬರೂ ಒಟ್ಟಿಗೆ ಹೇಳೋಣ, ನನ್ನನ್ನ ಅನುಸರಿಸಿ" ಎಂದ. ಅದೇ ಅವನು ಮಾಡಿದ ತಪ್ಪು. ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಜೊತೆಗೊಂದು ದನಿ ಸಿಕ್ಕಿದ್ದೇ ತಡ, ಪ್ರಜೆ, ಬಾಗಿಲು, ಬಡವ, ಕತ್ತಿ ಎಲ್ಲವೂ ಮದುವೆ ಮನೆಯ ದಿಬ್ಬಣದ ಹಾಗೆ ಸಾಲಾಗಿ ಹೊರಟು ಬಂದವು.

"ಭೇಷ್!" ಎಂದು ಯಜಮಾನರು ಹಣೆ ಚಚ್ಚಿಕೊಂಡರು. "ಇಬ್ಬರೂ ಸೇರಿ ರಾಜನ ಕಾಯಿಲೇನೇ ವಾಸಿ ಮಾಡಿಬಿಟ್ರಿ!"

ಇನ್ನು ಒಬ್ಬನೇ ಹೇಳದೆ ದಾರಿ ಇರಲಿಲ್ಲ. ನಿಘಂಟು ಮೈಕಿನ ಮುಂದೆ ನಿಂತ. ಎದುರಿನ ತೆರೆಯ ಮೇಲೆ ಇಂಜಿನಿಯರಮ್ಮ ನಿಲ್ಲಿಸಿದ್ದ ರಾಜನ ಮುಖ. ತುಟಿ ಮುಚ್ಚಿದ.

ಪಕಾರ ಬಂತು, ಬಾಗಿಲಲ್ಲಿ ನಿಂತಿತು, ಅಲುಗಲಿಲ್ಲ. ಅವನ ಕತ್ತಿನ ನರ ಬಿಗಿಯಿತು. ಕಣ್ಣು ತಾನಾಗಿ ನೆಲಕ್ಕೆ ಹೋಯಿತು. ಇಂಜಿನಿಯರಮ್ಮನ ಗಡಿಯಾರದಲ್ಲಿ ಹನ್ನೊಂದು ಸೆಕೆಂಡು ಆದವು. ಆಮೇಲೆ, ಯಾರೋ ಒಳಗಿನಿಂದ ಮೆಲ್ಲಗೆ ಚಿಲಕ ತೆಗೆದಂತೆ, "ಪ್ರಜೆಯ" ಎಂಬುದು ಹೊರಗೆ ಬಂತು.

ಮಹಾಪ್ರಭುಗಳು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಯಜಮಾನರು ಬಾಗಿಲು ತಳ್ಳಿಕೊಂಡು ಓಡಿಬಂದರು. "ಎಲಾ ಕಳ್ಳ! ಎಂಥಾ ನಟನೆಯೋ ಮಾರಾಯ! ಮೈ ಜುಮ್ ಅಂತು. ಇಷ್ಟು ವರ್ಷ ಈ ವಿದ್ಯೆ ಎಲ್ಲಿ ಬಚ್ಚಿಟ್ಟಿದ್ದೆ?"

ಬಚ್ಚಿಟ್ಟಿದ್ದೆ ಎಂಬ ಒಂದು ಪದ ಬಿಟ್ಟರೆ ಉಳಿದದ್ದೆಲ್ಲ ಸುಳ್ಳು. ಆದರೆ ಎಂಥ ಸೊಗಸಾದ ಸುಳ್ಳು! ನಿಘಂಟುವಿಗೆ ಒಂದು ಕ್ಷಣ ಸ್ವರ್ಗಕ್ಕೆ ಮೂರೇ ಗೇಣು. ಹೇಳಲೇಬೇಕಾದ್ದನ್ನು ಹೇಳಿಯೂ ಆಯಿತು, ಗುಟ್ಟು ಗುಟ್ಟಾಗಿಯೂ ಉಳಿಯಿತು. ಮೇಲೆ ಬಹುಮಾನದ ಹಾಗೆ ನಟ ಎಂಬ ಹೆಸರು. ಅವನು ವಿನಯದಿಂದ ತಲೆ ತಗ್ಗಿಸಿದ.

"ಇನ್ನೇನು, ರಾಜ ನೀನೇ" ಎಂದರು ಯಜಮಾನರು. "ಅದೇ ಥರ ಇನ್ನೊಂದು ಸಲ ಮಾಡು. ಹನ್ನೊಂದು ಬೇಡ, ಒಂಬತ್ತಕ್ಕೆ ನಿಲ್ಲಿಸು."

ದನಿ ದಾಖಲಾಗುತ್ತಿದೆ ಎನ್ನುವ ಕೆಂಪು ದೀಪ ಹತ್ತಿತು. ನಿಘಂಟು ಬಾಯಿ ತೆರೆದ. "ಪ್ರಜೆಯ ಬಾಗಿಲು ಕಾಯುತ್ತೇನೆ" ಎಂಬುದು ನಲ್ಲಿ ನೀರಿನ ಹಾಗೆ ಹರಿಯಿತು.

"ಏನಾಯ್ತು? ಉಗ್ಗಯ್ಯಾ!"

ಎರಡನೇ ಸಲ ಇನ್ನೂ ಚೆನ್ನಾಗಿ ಹರಿಯಿತು. ಬಾ ಎಂದರೆ ಬರುವಂಥದ್ದೇ ಅದು? ಐವತ್ತೊಂದು ವರ್ಷ ಬೇಡ ಬೇಡ ಎಂದಾಗ ಬಂದದ್ದು, ಸಂಬಳ ಕೊಟ್ಟು ಕರೆದಾಗ ಊರು ಬಿಟ್ಟು ಹೋಗಿತ್ತು. ಮೂರನೆಯದಂತೂ ಆಕಾಶವಾಣಿಯ ವಾರ್ತೆ.

"ಹೋಗಲಿ ಬಿಡು" ಎಂದರು ಯಜಮಾನರು ಬೆವರು ಒರೆಸಿಕೊಳ್ಳುತ್ತ. "ಒಂದು ಸಲ ಅದೃಷ್ಟಕ್ಕೆ ಬಂದಿತ್ತು ಅಂತ ಕಾಣ್ಸುತ್ತೆ. ಮಹಾಪ್ರಭು, ನಿಮ್ಮ ಪ್ರ-ಪ್ರ-ಪ್ರಾನೇ ಇರಲಿ. ಜನ ನಕ್ಕರೆ ನಗಲಿ."

ಸುಮ್ಮನಿದ್ದರೆ ಮುಗಿದಿತ್ತು. ಅದೃಷ್ಟ ಎಂದು ಅವರೇ ಹೆಸರಿಟ್ಟು ಕೊಟ್ಟಿದ್ದರು. ನಿಘಂಟು ತೆರೆಯ ಕಡೆ ನೋಡಿದ. ರಾಜ ಇನ್ನೂ ಅಲ್ಲೇ, ತುಟಿ ಮುಚ್ಚಿ, ಸಭೆಯ ಎದುರು ನಿಂತಿದ್ದ. ಆ ನಿಂತವನ ಬಾಯಿಂದ ಮೋಟಾರು ಸೈಕಲ್ಲು ಹೊರಡಿಸಿ ಚಿತ್ರಮಂದಿರವನ್ನೆಲ್ಲ ನಗಿಸುವುದಕ್ಕೆ ಇವರು ಹೊರಟಿದ್ದರು, ತಾನು ತಲೆ ತಗ್ಗಿಸಿ ನೋಡುತ್ತ ಕೂರುವವನಿದ್ದ.

"ಯಜಮಾನರೇ, ಅದು ನಟನೆ ಅಲ್ಲ" ಎಂದ. "ನನಗೆ ಉಗ್ಗು ಇದೆ. ಹುಟ್ಟಿನಿಂದ."

'ಉಗ್ಗು' ಎಂಬುದು ಸ್ವರದಿಂದ ಶುರುವಾಗುವ ಪದ, ತೊಡಕಿಲ್ಲದೆ ಬರುವ ಪದ. ಆಡಲು ಸುಲಭವಿದ್ದ ಪದಗಳಲ್ಲಿ ಅವನು ಆ ಕೋಣೆಯಲ್ಲಿ ಒಮ್ಮೆಯೂ ಆಡದೆ ಇದ್ದದ್ದು ಅದೊಂದೇ. ಎಷ್ಟು ನುಣುಪಾಗಿ ಬಂತೆಂದರೆ ಯಾರೂ ನಂಬಲಿಲ್ಲ.

"ಉಗ್ಗೋರು ಇಷ್ಟು ಚೆನ್ನಾಗಿ ಹೇಳ್ತಾರೇನಯ್ಯಾ!" ಎಂದು ಮಹಾಪ್ರಭುಗಳು ಗಹಗಹಿಸಿದರು.

ನಗದೆ ಇದ್ದವಳು ಇಂಜಿನಿಯರಮ್ಮ ಒಬ್ಬಳೇ. ಮೇಜಿನ ಮೇಲಿದ್ದ ಅವನ ಪುಟ್ಟ ಕನ್ನಡಿಯನ್ನು ಎತ್ತಿ ಹಿಡಿದಳು. "ಸರ್, ಇದನ್ನ ಯಾವಾಗ್ಲೂ 'ದರ್ಪಣ' ಅಂತೀರಲ್ಲ. ನಾನು ಸೇರಿದಾಗಿಂದ ಅದಕ್ಕೆ ನಗ್ತಾ ಇದ್ದೆ. ಇದರ ಇನ್ನೊಂದು ಹೆಸರು ಹೇಳಿ."

ಈ ಸಲ ಯಾರೂ ಉಗ್ಗಯ್ಯಾ ಎಂದಿರಲಿಲ್ಲ. ಕೆಂಪು ದೀಪವೂ ಆರಿತ್ತು. "ಕ್" ಎಂದು ಗಂಟಲು ಮುಚ್ಚಿಕೊಂಡಿತು. ನಿಘಂಟು ಓಡಲಿಲ್ಲ. ಪಕ್ಕದ ಗಲ್ಲಿಗೆ ತಿರುಗಲಿಲ್ಲ. ಕೆಮ್ಮಲಿಲ್ಲ. ಆ ಅಕ್ಷರದ ಎದುರು ನಿಂತೇ ಇದ್ದ. ನಗು ಒಂದೊಂದಾಗಿ ಆರಿತು. ಬಹಳ ಹೊತ್ತಿನ ಮೇಲೆ "ಕನ್ನಡಿ" ಎಂದ.

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಮಹಾಪ್ರಭುಗಳ ಮುಖ ಸಣ್ಣದಾಯಿತು. ನಲವತ್ತು ರಾಜ್ಯಗಳನ್ನು ಒಟ್ಟಿಗೆ ಕಳೆದುಕೊಂಡವರಂತೆ ನಿಂತರು.

"ನಾನು ಬೆಳಿಗ್ಗೆಯಿಂದ ಪ್ರ-ಪ್ರ-ಪ್ರ ಅಂತಿದ್ನಲ್ಲ… ಬಿದ್ದು ಬಿದ್ದು ನಗೋರು ಅಂದ್ನಲ್ಲ… ನೀನು ಕೇಳ್ತಾ ಕೂತಿದ್ದೆ?"

"ಕ್… ಕೇಳ್ತಾ ಕೂತಿದ್ದೆ."

"ನೋವಾಯ್ತೇನಯ್ಯಾ?"

"ನೋವು ಹಾಗಿರಲಿ, ತುಟಿಗೇ ಕೂರ್ತಾ ಇರಲಿಲ್ಲ."

ಮಹಾಪ್ರಭುಗಳು ಅವನನ್ನೇ ನೋಡಿದರು. ಆಮೇಲೆ ಎದೆಯಿಂದಲೂ ಅಲ್ಲದ, ಮೂಗಿನಿಂದಲೂ ಅಲ್ಲದ, ಯಾರೂ ಕೇಳಿರದ ಒಂದು ಸಾದಾ ದನಿಯಲ್ಲಿ ಹೇಳಿದರು: "ಹೇಳಿಕೊಡು."

ಆ ಮಧ್ಯಾಹ್ನವೆಲ್ಲ ಪಾಠ ನಡೆಯಿತು. ನಿಘಂಟು ಜೀವಮಾನದಲ್ಲಿ ಅಷ್ಟು ಮಾತಾಡಿದ್ದಿಲ್ಲ, ಅಷ್ಟು ಉಗ್ಗಿದ್ದೂ ಇಲ್ಲ. ಒಂದೊಂದು ಸಿಕ್ಕಿಗೂ ಮಹಾಪ್ರಭುಗಳು ಬಗ್ಗಿ, ಗಡಿಯಾರ ರಿಪೇರಿಯವನ ಹಾಗೆ ಅವನ ಬಾಯಿಯೊಳಗೆ ಇಣುಕುತ್ತಿದ್ದರು.

"ಅಕ್ಷರ ಮತ್ತೆ ಮತ್ತೆ ಬರುತ್ತೆ ಅಂದ್ಕೊಂಡಿದೀರಿ. ಬರೋದೇ ಇಲ್ಲ. ನಿಮಗೆ ಪದ ಗೊತ್ತು, ಅದರ ಮುಖ ಕಾಣ್ತಿದೆ. ನೂಕ್ತೀರಿ. ಬಾಗಿಲು ಒಳಕ್ಕೆ ತೆರೆಯೋದು, ನೀವು ಹೊರಕ್ಕೆ ನೂಕ್ತಿದೀರಿ."

"ಎದುರಿನೋರನ್ನ ನೋಡ್ತೀನಾ?"

"ಮೊದಲು ನೋಡ್ತೀರಿ. ಅವರ ಮುಖದಲ್ಲಿ 'ಪಾಪ' ಅಂತ ಬರುತ್ತಲ್ಲ, ಆಗ ಕಣ್ಣು ಕೆಳಗೆ ಹಾಕ್ತೀರಿ."

"ಆಮೇಲೆ ಹೆಂಗಪ್ಪಾ ಬರುತ್ತೆ ಅದು?"

"ನೂಕಿ ನೂಕಿ ಸಾಕಾಗಿ ಕೈ ಬಿಡ್ತೀರಲ್ಲ, ಆಗ."

ಯಜಮಾನರು ನಡುವೆ ಒಂದು ಸಲ ಇಣುಕಿ, "ನಿಧಾನ, ನಿಧಾನ, ಅವಸರ ಇಲ್ಲ" ಎಂದರು. ಗುರು ಶಿಷ್ಯ ಇಬ್ಬರೂ ಒಟ್ಟಿಗೆ "ಹೊರಗೆ ಹೋಗಿ!" ಎಂದು ಕೂಗಿದರು. ಒಟ್ಟಿಗೆ ಕೂಗಿದ್ದರಿಂದ ಚೆನ್ನಾಗಿಯೇ ಬಂತು.

ಗುರುವಾರ ಮಹಾಪ್ರಭುಗಳು ಶಾಲನ್ನು ಹೊರಗೆ ಬಿಟ್ಟು ಮೈಕಿನ ಮುಂದೆ ನಿಂತರು. ಚಿತ್ರದ ಆರಂಭದಲ್ಲಿ ತಂದೆ ಹೇಳುವ ಅದೇ ಪ್ರಮಾಣವನ್ನು ಹೊಸ ಮಾತುಗಳಲ್ಲಿ ಮೊದಲು ಮುಗಿಸಿದರು. ಮಗನದಕ್ಕೆ ಇಡೀ ದಿನ ಹಿಡಿಯಿತು. ನಿಘಂಟು ಗಾಜಿನ ಈಚೆ ಕೂತು, ಚೀಟಿಯ ಕಟ್ಟನ್ನು ಪಕ್ಕಕ್ಕಿಟ್ಟು, ಗುಂಡಿ ಒತ್ತಿ ಒತ್ತಿ ತಿದ್ದಿದ: "ಕ್… ಕಷ್ಟ ಕಾಣ್ತಿದೆ, ಆದ್ರೆ ನಾಚಿಕೆ ಕಾಣ್ತಿಲ್ಲ. ಇನ್ನೊಂದು ಸಲ." "ಈಗ ನಾಚಿಕೆ ಜಾಸ್ತಿಯಾಯ್ತು, ಅವನು ರಾಜ. ಇನ್ನೊಂದು ಸಲ." ಹದಿನೇಳನೆಯ ಸಲ ತೆರೆಯ ಮೇಲಿನವನೂ ಮೈಕಿನ ಮುಂದಿನವರೂ ಒಬ್ಬರೇ ಆದರು. ಇಂಜಿನಿಯರಮ್ಮ ಅದಕ್ಕೆ ಗುರುತು ಹಾಕಿಕೊಂಡಳು.

ಶುಕ್ರವಾರ ಮೇಡಂ ಬಂದರು. ದೀಪ ಆರಿಸಿ ಕೊನೆಯ ದೃಶ್ಯ ಹಾಕಿದರು. ರಾಜ ಸಭೆಗೆ ಬಂದ, ನಿಂತ, ತುಟಿ ಮುಚ್ಚಿದ. ಒಂಬತ್ತು ಸೆಕೆಂಡು. ಯಜಮಾನರು ಕುರ್ಚಿಯ ಕೈ ಹಿಡಿದುಕೊಂಡಿದ್ದರು. ಪ್ರಜೆಯ ಬಾಗಿಲು ಬಂತು, ಬಡವನ ಕೂಗು ಬಂತು, ಕತ್ತಿ ಬಂತು, ಎಲ್ಲ ಒಂದೊಂದಾಗಿ, ಹೆಗಲ ಮೇಲೆ ಹೊತ್ತು ತಂದಂತೆ. ದೀಪ ಹತ್ತಿದಾಗ ಮೇಡಂ ಮೂಗು ಒರೆಸಿಕೊಳ್ಳುತ್ತಿದ್ದರು.

"ಚೆನ್ನಾಗಿದೆ" ಎಂದರು. "ತುಂಬಾ ಚೆನ್ನಾಗಿದೆ. ಒಂದೇ ಒಂದು. ಆ ಮೊದಲನೇದು ಬಹಳ ಉದ್ದ ಆಯ್ತು. ನಡುವೆ ಸಭೆಯವರ ಮುಖ ತೋರಿಸ್ತಾರಲ್ಲ, ಅದನ್ನ ತೆಗೆದು ಮೂರು ಸೆಕೆಂಡಿಗೆ ಇಳಿಸಿ. ಇಲ್ಲದಿದ್ರೆ ನೋಡೋರು ದನಿ ಕೆಟ್ಟುಹೋಯ್ತು ಅಂದ್ಕೋತಾರೆ."

"ಆಗಲಿ ಮೇಡಂ, ಐದು ನಿಮಿಷದ ಕೆಲಸ" ಎಂದರು ಯಜಮಾನರು. ಚಿತ್ರ ಕೈಯಲ್ಲೇ ಉಳಿಯಿತೆಂಬ ನೆಮ್ಮದಿಗೆ ಅವರು ಆಗ ರಾಜನ ತಲೆಯನ್ನೇ ಕೇಳಿದ್ದರೂ ಕೊಡುತ್ತಿದ್ದರು. ಇಂಜಿನಿಯರಮ್ಮ ತೆರೆಯ ಮೇಲೆ ಕತ್ತರಿಸುವ ಎರಡು ಗುರುತು ಹಾಕಿ, ನಿಘಂಟುವಿನ ಕಡೆ ತಿರುಗಿದಳು.

ನಿಘಂಟು ಎದ್ದು ನಿಂತ. 'ಆಗಲ್ಲ' ಎಂಬುದು ನಾಲಗೆಯ ತುದಿಯಲ್ಲಿತ್ತು. ಅದರ ಹಿಂದೆ 'ಒಲ್ಲೆ', ಅದರ ಹಿಂದೆ 'ಹಾಗೆ ಮಾಡುವುದು ಸರಿಯಲ್ಲ', ಎಲ್ಲವೂ ನಿಲ್ದಾಣದಲ್ಲಿ ಬಾಡಿಗೆಗೆ ಕಾಯುವ ಆಟೋಗಳ ಹಾಗೆ ಸಾಲಾಗಿ ನಿಂತಿದ್ದವು. ಅವನು ಒಂದನ್ನೂ ಹತ್ತಲಿಲ್ಲ.

"ಬ್…"

ತುಟಿ ಮುಚ್ಚಿಕೊಂಡಿತು. ಮೇಡಂ ಮೊದಲು ತೆರೆಯ ಕಡೆ ನೋಡಿದರು, ಆಮೇಲೆ ಅವನ ಕಡೆ. ಯಜಮಾನರು ಆ ಪದವನ್ನು ತಾವೇ ಹೇಳಿ ಮುಗಿಸಲು ಬಾಯಿ ತೆರೆದರು. ಮಹಾಪ್ರಭುಗಳು ಅವರ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದರು. ಮೇಲೆ ಅಂಗಡಿಯಲ್ಲಿ ಯಾರೋ ಮಂಚ ಎಳೆದರು. ನಿಘಂಟು ಕಣ್ಣು ಕೆಳಗೆ ಹಾಕಲಿಲ್ಲ.

"ಬೇಡ" ಎಂದ. "ಕ್… ಕತ್ತರಿಸಬೇಡಿ ಮೇಡಂ. ಅವನು ಅಷ್ಟು ಹೊತ್ತು ನಿಂತಿದಾನೆ. ನೋಡೋರೂ ಅಷ್ಟು ಹೊತ್ತು ಕೂತಿರಲಿ."

ಮೇಡಂ ಇಂಜಿನಿಯರಮ್ಮನನ್ನು ಕೇಳಿದರು: "ಈಗ ಇವರದು ಎಷ್ಟು ಸೆಕೆಂಡಾಯ್ತು?"

"ಹತ್ತು."

"ನಾನು ಎದ್ದು ಹೋಗಲಿಲ್ಲ, ಅಲ್ವಾ?" ಎನ್ನುತ್ತ ಮೇಡಂ ಕೈಚೀಲ ತೆಗೆದುಕೊಂಡು ಎದ್ದರು. "ಸರಿ, ಬೇಡ ಬಿಡಿ. ಒಂಬತ್ತೂ ಇರಲಿ."

ಇಂಜಿನಿಯರಮ್ಮ ತೆರೆಯ ಮೇಲಿನ ಎರಡೂ ಗುರುತು ಅಳಿಸಿದಳು.